ಪೆಟ್ರೋಲ್ ಜೀಪ್ ಪಿಕಪ್ಪಿಗೆ ಡೀಸೆಲ್ ಎಂಜಿನ್: ನನ್ನ ಅನುಭವ

ನಮ್ಮ ತೋಟದ ಮಹೀಂದ್ರ ಜೀಪ್ ಪಿಕಪ್ 1974ರ ನೋಂದಣಿಯದು. ಅದರ 2199 ಸಿಸಿಯ ಹರಿಕೇನ್ ಪೆಟ್ರೋಲ್ ಎಂಜಿನ್ ಗಟ್ಟಿಮುಟ್ಟಾದದ್ದೇ ಆಗಿತ್ತು. ಆದರೆ ಗೊಬ್ಬರವನ್ನೋ ಕಾಫಿ ಮೂಟೆಗಳನ್ನೋ ಹೇರಿಕೊಂಡು ಮೂಡಿಗೆರೆ ಕಡೆಯ ಏರುದಾರಿಗಳನ್ನು ಹತ್ತುವಾಗ ಲೀಟರಿಗೆ ಐದು ಕಿಲೋಮೀಟರ್ ಕೂಡ ಸಿಗುತ್ತಿರಲಿಲ್ಲ. 2005ರ ಬೇಸಿಗೆಯಲ್ಲಿ ಹೊಗೆ ಹೆಚ್ಚಾಗಿ ಎಂಜಿನ್ ಬಿಚ್ಚಿದಾಗ, ಬ್ಲಾಕಿನಲ್ಲಿ ಸವೆದ ಸಿಲಿಂಡರುಗಳನ್ನು ಕೊರೆದು ಅಗಲಿಸುವ ಇನ್ನೊಂದು ಬೋರಿಂಗಿಗೆ ಆಗುವಷ್ಟು ಲೋಹ ಉಳಿದಿಲ್ಲವೆಂದು ತಿಳಿಯಿತು. ಸಿಲಿಂಡರಿನೊಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಹಾಕಿಸಬಹುದಿತ್ತು, ಆದರೆ ಆ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಡೀಸೆಲ್ ಎಂಜಿನ್ನನ್ನೇ ಕೂರಿಸಬಹುದೆಂದು ನಿರ್ಧರಿಸಿದೆ. ಲೇತ್ ಕೆಲಸವನ್ನೂ ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್ನನ್ನೂ (ಅಳತೆ ಹೊಂದಿಸುವುದನ್ನೂ) ಬಿಟ್ಟು ಉಳಿದುದನ್ನೆಲ್ಲ ತೋಟದ ಶೆಡ್ಡಿನಲ್ಲಿ ನಾನೇ ಮಾಡಿದೆ.

ಮೊದಲ ಪ್ರಶ್ನೆ ಯಾವ ಎಂಜಿನ್ ಎಂಬುದು. ಆಗ ಗುಜರಿಯಲ್ಲಿ ಸುಲಭವಾಗಿ ಸಿಗುತ್ತಿದ್ದವು ಎರಡು: ಮಹೀಂದ್ರದ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್, ಸಿಲಿಂಡರಿಗೇ ನೇರವಾಗಿ ಡೀಸೆಲ್ ಸಿಂಪಡಿಸುವ) ಎಂಜಿನ್, ಮತ್ತು ಅದಕ್ಕಿಂತ ಹಳೆಯದಾದ, 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಪರವಾನಗಿ ಪಡೆದು ಮಹೀಂದ್ರ ತಯಾರಿಸಿದ 2112 ಸಿಸಿಯ ಎಕ್ಸ್‌ಡಿಪಿ 4.90. ಪರಿಚಿತರೆಲ್ಲರೂ ಡಿಐ ಎಂಜಿನ್ನನ್ನೇ ಸೂಚಿಸಿದರು. ಅದಕ್ಕೆ ಕಡಿಮೆ ವೇಗದಲ್ಲೇ ಎಳೆತ ಹೆಚ್ಚು, ಸ್ಟಾರ್ಟ್ ಮಾಡುವ ಮೊದಲು ಎಂಜಿನ್ನನ್ನು ಬಿಸಿ ಮಾಡುವ ಹೀಟರ್ ಪ್ಲಗ್ಗಿನ ಗೊಡವೆಯೂ ಇಲ್ಲ. ಆದರೂ ನಾನು ಪ್ಯೂಜೊವನ್ನೇ ಆರಿಸಿಕೊಳ್ಳಲು ಕಾರಣ ನಮ್ಮ ಗಾಡಿಯ ಆಕ್ಸಲ್. ಅದರ ಅನುಪಾತ 5.38. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಐದಕ್ಕಿಂತ ಹೆಚ್ಚು ಸುತ್ತು ಸುತ್ತಬೇಕು. ನಿಧಾನವಾಗಿ ತಿರುಗುವ ಎಂಜಿನ್ನನ್ನು ಇದಕ್ಕೆ ಜೋಡಿಸಿದರೆ ತೋಟದೊಳಗೆ ಚೆನ್ನಾಗಿಯೇ ಎಳೆಯುತ್ತದೆ. ಆದರೆ ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿಯೂ ಕಿರುಚುತ್ತಾ ಸಾಗಬೇಕಾಗುತ್ತದೆ. ಹೆಚ್ಚು ಸುತ್ತುಗಳನ್ನು ಸಹಿಸುವ ಪ್ಯೂಜೊ ಎಂಜಿನ್ನಿಗೆ ಆಕ್ಸಲ್ ಬದಲಿಸುವ ಅಗತ್ಯ ಬೀಳಲಿಲ್ಲ.

ಹಳೆಯ ಎಂಜಿನ್ನನ್ನು ಎತ್ತುವ ಮೊದಲೇ ಸಾರಿಗೆ ಕಚೇರಿಯಿಂದ ಒಪ್ಪಿಗೆ ಪಡೆದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇದನ್ನು ಕೇಳುತ್ತದೆ, ಬದಲಾವಣೆಯಾದ 14 ದಿನಗಳೊಳಗೆ ವರದಿ ಮಾಡಬೇಕೆಂದೂ ಹೇಳುತ್ತದೆ. ಕೊಂಡ ಎಂಜಿನ್ ಯಾವ ಗಾಡಿಯದೆಂಬುದಕ್ಕೆ ಕಾಗದಪತ್ರವಿಲ್ಲದಿದ್ದರೆ ಅದು ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬಾರದು. ನನ್ನ ಕೆಲಸ ನಡೆದ ಕಾಲಕ್ಕಿಂತ ಈಗ ಹೊಗೆಯ ನಿಯಮಗಳು ಬಹಳ ಬಿಗಿಯಾಗಿವೆ. ಆದ್ದರಿಂದ ಇಂದು ಯಾರೇ ಹೊರಟರೂ ಹಣ ಕೊಡುವ ಮೊದಲು ತಮ್ಮ ಕಚೇರಿಯಲ್ಲಿ ವಿಚಾರಿಸಿಕೊಳ್ಳಲೇಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಎಂಜಿನ್ನಿಗೆ ಮೊದಲು ಅದನ್ನು ಚಾಸಿಗೆ ಹಿಡಿದಿಡುವ ಮೌಂಟಿಂಗ್ ಬೆಸೆದು, ಆಮೇಲೆ ಗೇರ್‌ಬಾಕ್ಸನ್ನು ಅದಕ್ಕೆ ಹೊಂದಿಸುವುದು ಬಹಳ ಕಡೆ ಕಾಣುವ ಪದ್ಧತಿ. ನನ್ನ ಅನುಭವದಲ್ಲಿ ಅದು ತಲೆಕೆಳಗಾದ ಕ್ರಮ. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇದ್ದಲ್ಲೇ ಇದ್ದರೆ ಎರಡೂ ಪ್ರೊಪೆಲ್ಲರ್ ಶಾಫ್ಟುಗಳ ಉದ್ದ, ಗೇರ್ ಕಡ್ಡಿಗಳ ಜಾಗ, ಹ್ಯಾಂಡ್‌ಬ್ರೇಕ್ ಎಲ್ಲವೂ ಹಾಗೆಯೇ ಉಳಿಯುತ್ತವೆ. ಎಂಜಿನ್ ಎಲ್ಲಿ ಕೂರಬೇಕೆಂಬುದನ್ನು ಗೇರ್‌ಬಾಕ್ಸೇ ನಿರ್ಧರಿಸಬೇಕು, ಮೌಂಟಿಂಗ್ ಕೊನೆಗೆ ಬರಬೇಕು.

ನಾನು ಕೊಂಡ ಎಂಜಿನ್ನಿನ ಹಿಂಬದಿಯ ಹೌಸಿಂಗ್ (ಗೇರ್‌ಬಾಕ್ಸ್ ಕೂಡುವ ಕವಚ) ನಮ್ಮ ಮೂರು ಗೇರಿನ ಪೆಟ್ಟಿಗೆಗೆ ಹೊಂದುತ್ತಿರಲಿಲ್ಲವಾದ್ದರಿಂದ ಮಧ್ಯೆ 12 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್ ಮಾಡಿಸಿದೆ. ಆ 12 ಮಿಲಿಮೀಟರಿನಷ್ಟು ಗೇರ್‌ಬಾಕ್ಸಿನ ಶಾಫ್ಟ್ ಎಂಜಿನ್ನಿನಿಂದ ದೂರವಾಗುವುದರಿಂದ, ಅದರ ತುದಿಯನ್ನು ಹಿಡಿಯುವ ಪೈಲಟ್ ಬುಷ್ಷನ್ನೂ ಗನ್‌ಮೆಟಲ್ಲಿನಲ್ಲಿ ಉದ್ದವಾಗಿ ಕಡೆಯಿಸಬೇಕಾಯಿತು. ಇಷ್ಟರವರೆಗೆ ಎಲ್ಲವೂ ಸರಿಯಾಗಿತ್ತು. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ: ಬೋಲ್ಟುಗಳು ತೂತುಗಳಲ್ಲಿ ಬಿಗಿಯಾಗಿ ಕೂತವೆಂದು ನಂಬಿ, ಪ್ಲೇಟಿನ ನಡುಬಿಂದು ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ಶಾಫ್ಟಿನ) ನಡುಬಿಂದುವಿಗೆ ಸರಿಯಾಗಿದೆಯೇ ಎಂದು ಅಳೆಯದೆ ಮುಂದುವರಿದೆ.

ಸುಮಾರು 600 ಕಿಲೋಮೀಟರ್ ಓಡಿದ ಮೇಲೆ, ಏರಿನಲ್ಲಿ ಭಾರ ಬಿದ್ದಾಗ ಟಾಪ್ ಗೇರ್ ತಾನಾಗಿಯೇ ನ್ಯೂಟ್ರಲ್ಲಿಗೆ ಜಾರತೊಡಗಿತು. ಎಲ್ಲವನ್ನೂ ಮತ್ತೆ ಬಿಚ್ಚಿದಾಗ ಬುಷ್ ಒಂದು ಬದಿಗೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಹಾಸನದಿಂದ ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ತರಿಸಿ, ಅದನ್ನು ಕ್ರ್ಯಾಂಕಿನ ತುದಿಯ ಫ್ಲೈವೀಲಿಗೆ ಕಚ್ಚಿಸಿ, ಅದರ ಮುಳ್ಳು ಪ್ಲೇಟಿನ ದೊಡ್ಡ ರಂಧ್ರದ ಒಳಅಂಚನ್ನು ಮುಟ್ಟುವಂತೆ ಇರಿಸಿ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಸುತ್ತಿಸಿದೆ. ನಡುಬಿಂದು ಸುಮಾರು 0.4 ಮಿಲಿಮೀಟರ್ ಓರೆಯಾಗಿತ್ತು. ಕಣ್ಣಿಗೆ ಕಾಣದ ಈ ಅಂತರವೇ ಶಾಫ್ಟನ್ನು ಪ್ರತಿ ಸುತ್ತಿಗೂ ಬಾಗಿಸಿ ಗೇರನ್ನು ಹೊರಕ್ಕೆ ತಳ್ಳುತ್ತಿತ್ತು. ಬೋಲ್ಟುಗಳನ್ನು ಸಡಿಲಿಸಿ, ಪ್ಲೇಟನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟುತ್ತಾ, ಮುಳ್ಳಿನ ಓಲಾಟ 0.1 ಮಿಲಿಮೀಟರಿಗಿಂತ ಕಡಿಮೆಯಾಗುವವರೆಗೆ ಒಂದು ಇಡೀ ಮಧ್ಯಾಹ್ನ ಕುಳಿತೆ. ಆಮೇಲೆ ಎರಡು ಕಡೆ ತೂತು ಕೊರೆದು, ತೂತನ್ನು ನಿಖರ ಅಳತೆಗೆ ತರುವ ರೀಮರ್ ಎಳೆದು, ಡೋವೆಲ್ ಪಿನ್ನುಗಳನ್ನು ಹೊಡೆದೆ. ಬೋಲ್ಟು ಬಿಗಿ ಹಿಡಿಯುತ್ತದೆಯೇ ಹೊರತು ಜಾಗ ಕಾಯುವುದಿಲ್ಲ. ಜಾಗ ಕಾಯುವುದು ಡೋವೆಲ್. ಅಂದಿನಿಂದ ಗೇರ್ ಜಾರಿಲ್ಲ.

ಮೌಂಟಿಂಗ್ ಬೆಸೆಯುವ ಮೊದಲು ಮುಂದಿನ ಆಕ್ಸಲ್ಲನ್ನು ಜ್ಯಾಕಿನಿಂದ ಚಾಸಿಯ ಬಂಪ್ ರಬ್ಬರಿಗೆ ತಾಗುವವರೆಗೆ ಎತ್ತಿ, ಎಂಜಿನ್ನಿನಡಿಯ ಆಯಿಲ್ ಸಂಪಿಗೂ ಅದಕ್ಕೂ ಅಂತರವಿದೆಯೇ ಎಂದು ನೋಡಿದೆ. ಗಾಡಿ ನಿಂತಿರುವಾಗ ಧಾರಾಳವಾಗಿ ಕಾಣುವ ಜಾಗ ಹಳ್ಳಕ್ಕೆ ಬಿದ್ದಾಗ ಉಳಿಯುವುದಿಲ್ಲ. ಹೆಚ್ಚಿದ ತೂಕಕ್ಕೆ ಮುಂದಿನ ಸ್ಪ್ರಿಂಗುಗಳಿಗೆ ಒಂದೊಂದು ಪ್ಲೇಟ್ ಸೇರಿಸಿದೆ.

ಉಳಿದವು ಸಣ್ಣವು, ಆದರೆ ಬಿಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ. ಪಂಪ್ ಮತ್ತು ನಾಜಲ್ಲುಗಳಿಂದ ಮರಳುವ ಡೀಸೆಲ್ಲಿಗೆ ಟ್ಯಾಂಕಿನವರೆಗೆ ಇನ್ನೊಂದು ಪೈಪ್ ಬೇಕು. ಸೀಟಿನಡಿಯ ಹಳೆಯ ಟ್ಯಾಂಕಿನಲ್ಲಿ ಅಂಟಿದ್ದ ಪೆಟ್ರೋಲಿನ ಗೋಂದನ್ನೂ ತುಕ್ಕನ್ನೂ ಪೂರ್ತಿ ತೆಗೆಯದೆ ಡೀಸೆಲ್ ತುಂಬಿದರೆ ಅದೆಲ್ಲವೂ ಫಿಲ್ಟರಿಗೆ ಬರುತ್ತದೆ. ಸುಮಾರು 22ಕ್ಕೆ 1ರ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಪ್ರಮಾಣ) ಇರುವ ಎಂಜಿನ್ನನ್ನು ತಿರುಗಿಸಲು ದೊಡ್ಡ ಬ್ಯಾಟರಿ, ದಪ್ಪ ಕೇಬಲ್ ಬೇಕು. ಎಂಜಿನ್ ರಬ್ಬರಿನ ಮೇಲೆ ಕೂರುವುದರಿಂದ ಅದಕ್ಕೂ ಚಾಸಿಗೂ ನಡುವೆ ಒಂದು ಅರ್ಥ್ ಪಟ್ಟಿಯನ್ನು ಕಡ್ಡಾಯವಾಗಿ ಹಾಕಬೇಕು. ನಾನು ಮರೆತ ದಿನ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್ ಕೇಬಲಿನ ಮೂಲಕ ಹರಿದು ಅದರ ಹೊರಕವಚ ಕರಗಿಹೋಯಿತು. ಕೀ ತಿರುಗಿಸಿದರೆ ನಿಲ್ಲುವುದು ಪೆಟ್ರೋಲ್ ಎಂಜಿನ್. ಇದಕ್ಕೆ ಡೀಸೆಲ್ ಕಟ್ ಮಾಡುವ ಕೇಬಲನ್ನು ಡ್ಯಾಶಿನವರೆಗೆ ಎಳೆದೆ. ನಮ್ಮ ಗಾಡಿಯ ವೈಪರ್ ಎಂಜಿನ್ ಗಾಳಿ ಎಳೆಯುವ ಮ್ಯಾನಿಫೋಲ್ಡಿನ ವ್ಯಾಕ್ಯೂಮಿನಿಂದ ಓಡುತ್ತಿದ್ದುದು. ಹೊಸ ಎಂಜಿನ್ನಿನಲ್ಲಿ ಆ ಎಳೆತ ಇಲ್ಲವಾದ್ದರಿಂದ ಮಳೆಗಾಲಕ್ಕೆ ಮುಂಚೆ ವಿದ್ಯುತ್ ಮೋಟಾರಿನ ವೈಪರ್ ಕೂರಿಸಿದೆ. ಮಲೆನಾಡಿನ ಜೂನ್ ತಿಂಗಳಲ್ಲಿ ವೈಪರಿಲ್ಲದೆ ಗಾಡಿ ತೆಗೆಯಲಾಗದು.

ಈಗ ಅದೇ ದಾರಿಯಲ್ಲಿ, ಅದೇ ಹೇರಿನಲ್ಲಿ ಲೀಟರಿಗೆ 10ರಿಂದ 11 ಕಿಲೋಮೀಟರ್ ಸಿಗುತ್ತಿದೆ. ಹಳೆಯ ಹರಿಕೇನನ್ನು ನಾನು ಮಾರಲಿಲ್ಲ. ಸಿಲಿಂಡರುಗಳಿಗೆ ಆಯಿಲ್ ಸುರಿದು ಶೆಡ್ಡಿನ ಮೂಲೆಯಲ್ಲಿ ಮರದ ಹಲಗೆಗಳ ಮೇಲೆ ಇರಿಸಿದ್ದೇನೆ, ಪ್ರತಿ ಮಳೆಗಾಲ ಮುಗಿದಾಗ ಕ್ರ್ಯಾಂಕನ್ನು ನಾಲ್ಕು ಸುತ್ತು ತಿರುಗಿಸಿಡುತ್ತೇನೆ.