ಸಂಪ್ ತೋಡಿದ ಮಣ್ಣಿನಲ್ಲೇ ಗೋಡೆ ಎಬ್ಬಿಸಿದ್ದು

ಮಳೆಗೆ ಕರಗಿ ಹೋಗುತ್ತದೆ ಅಂತ ಊರೆಲ್ಲ ಹೇಳಿದ ನಮ್ಮ ಮನೆಯ ಮಣ್ಣಿನ ಬ್ಲಾಕ್ ಗೋಡೆ ಈಗ ಎರಡು ಮೂರು ಮಳೆಗಾಲ ಕಂಡಿದೆ. ಹೊರಗೆ ಪ್ಲಾಸ್ಟರ್ ಇಲ್ಲ, ಆದರೂ ಒಂದು ಮೂಲೆ ಉದುರಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಪ್ರೆಸ್ಸಿನಲ್ಲಿ ಒತ್ತಿ, ಸುಡದೆ ಬ್ಲಾಕ್ ಮಾಡುವ ಈ ವಿಧಾನ ಭಾರತೀಯ ವಿಜ್ಞಾನ ಸಂಸ್ಥೆಯವರದು. ಅಲ್ಲಿ 1974ರಲ್ಲಿ ಹಳ್ಳಿಗಳಿಗೆ ಆಗುವ ತಂತ್ರಜ್ಞಾನಕ್ಕೆ ಅಂತ ಶುರುವಾದ ಅಸ್ತ್ರ ಗುಂಪು ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಕೇಂದ್ರ ಇಟ್ಟುಕೊಂಡು ಕೆಲಸ ಮಾಡಿತ್ತು. ಸುಟ್ಟ ಇಟ್ಟಿಗೆಗೆ ಖರ್ಚಾಗುವ ಶಕ್ತಿಯ ಸುಮಾರು ಕಾಲುಭಾಗ ಈ ಬ್ಲಾಕಿಗೆ ಸಾಕು ಅಂತ ಆ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಲೆಕ್ಕ ಹಾಕಿ ತೋರಿಸಿದ್ದಾರೆ. ಗೂಡು ಬೇಡ, ಸೌದೆ ಬೇಡ.

ಆದರೆ ಮಣ್ಣು ನಮ್ಮ ಮಾತು ಕೇಳಬೇಕಲ್ವಾ? ಮೊದಲ ಬ್ಯಾಚಿಗೆ ಸಂಪ್ ತೋಡಿದ ಕೆಂಪು ಮಣ್ಣನ್ನೇ ಹಾಗೇ ಒತ್ತಿದೆವು. ಪ್ರೆಸ್ಸಿನಿಂದ ತೆಗೆದಾಗ ಕನ್ನಡಿ ಹಾಗೆ ಬಂತು, ಒಣಗುತ್ತಾ ಒಣಗುತ್ತಾ ಬಿರುಕು. ಜೇಡಿ ಜಾಸ್ತಿ. ಆರೇಳು ನೂರು ಬ್ಲಾಕ್ ಪಾಯದೊಳಗೆ ತುಂಬಲು ಹೋಯಿತು, ಹತ್ತು ಹನ್ನೆರಡು ಸಾವಿರ ರೂಪಾಯಿ ಮಣ್ಣುಪಾಲು. ನಮ್ಮ ಮಾವ ಆವತ್ತೇ ಇಟ್ಟಿಗೆ ಗೂಡಿನವನಿಗೆ ಫೋನ್ ಮಾಡಲು ಹೊರಟಿದ್ದರು.

ಆಮೇಲೆ ಅರ್ಧಕ್ಕರ್ಧ ಕ್ವಾರಿ ಡಸ್ಟ್ (ಕಲ್ಲುಪುಡಿ) ಸೇರಿಸಿ ಜೇಡಿಯನ್ನು 15 ಪರ್ಸೆಂಟ್ ಹತ್ತಿರಕ್ಕೆ ಇಳಿಸಿದೆ. ಸಿಮೆಂಟ್ 7 ಪರ್ಸೆಂಟ್. 230-190-100 ಮಿ.ಮೀ. ಅಳತೆಯ ಬ್ಲಾಕಿಗೆ ಪ್ರತಿ ಸಲ ಎಂಟೂವರೆ ಕೆಜಿ ಆಸುಪಾಸು ಹಸಿ ಮಣ್ಣು ತೂಗಿಯೇ ಹಾಕಬೇಕು. ಮೇಸ್ತ್ರಿಗೆ ಈ ತಕ್ಕಡಿ ಕಂಡರೆ ಆಗುತ್ತಿರಲಿಲ್ಲ, ಕಣ್ಣಳತೆ ಸಾಕು ಸಾರ್ ಅನ್ನುತ್ತಿದ್ದರು, ನಾನು ಬಿಡಲಿಲ್ಲ. ಹಸಿ ಬ್ಲಾಕಿನ ಅಂಚು ಒಡೆಯದ ಹಾಗೆ ತೆಗೆಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಸೈಟಿಗೆ ಬಂದರೆ ತೋರಿಸುತ್ತೇನೆ.

ಎರಡು ದಿನ ನೀರಲ್ಲಿ ನೆನೆಸಿ ಒಂದು ಕಾಲೇಜಿನ ಲ್ಯಾಬಿನಲ್ಲಿ ಒಡೆಸಿದಾಗ ಭಾರ ತಾಳುವ ಬಲ ಮೂರೂವರೆ ಮೆಗಾಪ್ಯಾಸ್ಕಲ್ ದಾಟಿತು. ಮನೆಗೆ ಇದು ಧಾರಾಳ. ಬ್ಲಾಕಿಗೆ ಎಲ್ಲ ಸೇರಿ 17-18 ರೂಪಾಯಿ ಬಿತ್ತು, ಅದೇ ಜಾಗ ತುಂಬಲು ಎರಡೂವರೆ ಇಟ್ಟಿಗೆ ಬೇಕು. ದುಡ್ಡು ಕಿತ್ತದ್ದು ಕ್ಯೂರಿಂಗ್, ಅಂದರೆ ಬ್ಲಾಕ್ ಗಟ್ಟಿಯಾಗುವವರೆಗೆ ಒದ್ದೆಯಾಗಿಡುವುದು. ಬೇಸಿಗೆಯಲ್ಲಿ ಮೂರ್ನಾಲ್ಕು ವಾರ ಗೋಣಿಚೀಲ ಒಣಗದ ಹಾಗೆ ನೋಡಿಕೊಳ್ಳಲು ಟ್ಯಾಂಕರ್ ತರಿಸಬೇಕಾಯಿತು. ಪ್ಲಾಸ್ಟರ್ ಉಳಿತಾಯದಲ್ಲಿ ಅದು ವಾಪಸ್ ಬಂತು, ಇನ್ನೂ ಮಿಕ್ಕಿತು.

ಹಿಂದಿನ ರೂಮಿಗೆ ಮಾತ್ರ ಇನ್ನೊಂದು ಪ್ರಯೋಗ ಮಾಡಿದೆ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ದಪ್ಪ ಕಲ್ಲುಮಣ್ಣಿನ ಗೋಡೆಗಳೇ ಜನರ ಮೇಲೆ ಬಿದ್ದವಲ್ಲ, ಅದು ತಲೆಯಲ್ಲಿ ಕೂತಿತ್ತು. ಗೋಡೆಯ ಎರಡೂ ಮುಖಕ್ಕೆ ಉದ್ದಕ್ಕೆ ಸಣ್ಣ ಕಬ್ಬಿಣದ ಸರಳು ನಿಲ್ಲಿಸಿ, ಗಾರೆ ಸಾಲಿನೊಳಗಿಂದ ತಂತಿ ಹಾಯಿಸಿ ಒಂದಕ್ಕೊಂದು ಬಿಗಿದೆವು. ಇದೂ ಜಗದೀಶ್ ಅವರ ತಂಡ ಪರೀಕ್ಷೆ ಮಾಡಿ ನೋಡಿದ ದಾರಿಯೇ. ಗೋಡೆ ಬಿರಿದರೂ ಒಮ್ಮೆಲೇ ಕಳಚಿ ಬೀಳುವುದಿಲ್ಲ. ಕೆಲವೇ ಸಾವಿರದ ಕೆಲಸ, ಇಡೀ ಮನೆಗೆ ಮಾಡಿಸಬಹುದಿತ್ತು.

ಗದಗ ಕಡೆಯ ಎರೆಮಣ್ಣು ತರಿಸಿಯೂ ಒತ್ತಿದ್ದೇನೆ. ಬರೀ ಸಿಮೆಂಟಿಗೆ ಅದು ಬಗ್ಗಲಿಲ್ಲ. ಸುಣ್ಣ ಹಾಕಿದ್ದು ನಿಧಾನವಾಗಿ ಗಟ್ಟಿಯಾಗುತ್ತಿದೆ. ಆ ಕಡೆ ಯಾರಾದರೂ ಸುಣ್ಣದಲ್ಲಿ ಒತ್ತಿದ್ದರೆ ಎಷ್ಟು ಪರ್ಸೆಂಟ್ ಹಾಕಿದಿರಿ, ಎಷ್ಟು ದಿನ ನೆನೆಸಿದಿರಿ, ಹೇಳಿ.