ಮಗು ಬಂದ ಮೇಲಿನ ಅರ್ಧ ಗಂಟೆ

1986ರಲ್ಲಿ ಸವದತ್ತಿ ತಾಲ್ಲೂಕಿನ ಎರೆಹೊಲಗಳ ನಡುವಿನ ಒಂದು ಆರೋಗ್ಯ ಉಪಕೇಂದ್ರಕ್ಕೆ ನಾನು ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಅಂದರೆ ಸಹಾಯಕ ದಾದಿ-ಸೂಲಗಿತ್ತಿ) ಆಗಿ ಬಂದಾಗ ನನ್ನ ಹೆರಿಗೆ ಚೀಲದಲ್ಲಿ ಕತ್ತರಿ, ಎರಡು ಆರ್ಟರಿ ಫೋರ್ಸೆಪ್ಸ್, ಹೊಕ್ಕುಳಬಳ್ಳಿಗೆ ಕಟ್ಟುವ ದಾರ, ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವ ಫೀಟೋಸ್ಕೋಪು, ಕೂಸನ್ನು ತೂಗುವ ಸ್ಪ್ರಿಂಗ್ ತಕ್ಕಡಿ ಮತ್ತು ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ನಿಲ್ಲಿಸುವ ಚುಚ್ಚುಮದ್ದು ಮೆಥರ್ಜಿನ್‌ನ, ಹತ್ತಿಯಲ್ಲಿ ಸುತ್ತಿಟ್ಟ ನಾಲ್ಕು ಆಂಪೂಲುಗಳಿದ್ದವು. ಕೂಸಿನ ತೂಕ ನೋಡಲು ತಕ್ಕಡಿ ಇತ್ತು. ತಾಯಿಯಿಂದ ಎಷ್ಟು ರಕ್ತ ಹೋಯಿತೆಂದು ನೋಡಲು ಏನೂ ಇರಲಿಲ್ಲ. ಹಾಗೊಂದು ವಸ್ತು ಬೇಕೆಂಬುದೂ ಆಗ ನನಗೆ ಹೊಳೆದಿರಲಿಲ್ಲ.

ನನ್ನ ತರಬೇತಿ ಹದಿನೆಂಟು ತಿಂಗಳದ್ದು. ಮೊದಲು ಎರಡು ವರ್ಷ ನಡೆಯುತ್ತಿದ್ದ ಈ ಕೋರ್ಸನ್ನು 1977ರಲ್ಲಿ ಬಹೂದ್ದೇಶ ಕಾರ್ಯಕರ್ತೆಯರನ್ನು ಸಿದ್ಧಪಡಿಸುವ ಸಲುವಾಗಿ ಮೊಟಕುಗೊಳಿಸಿದ್ದರು, ಅದರಲ್ಲಿ ಹೆರಿಗೆಯ ಪಾಠಕ್ಕಿದ್ದ ಒಂಬತ್ತು ತಿಂಗಳು ಆರಕ್ಕೆ ಇಳಿದಿತ್ತು. ಲಸಿಕೆ, ಕುಟುಂಬ ಯೋಜನೆಯ ಗುರಿ, ಮಲೇರಿಯಾದ ರಕ್ತಲೇಪನ ಎಲ್ಲವೂ ನಮ್ಮ ಪಾಲಿಗೆ ಬಂದವು, ಆದರೆ ಹೆಸರಿನಲ್ಲಿ ಮಾತ್ರ ‘ಮಿಡ್‌ವೈಫ್’ ಎಂಬ ಪದ ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ ಹೇಳುವುದಾದರೆ ಕೆಲಸವನ್ನು ಕಲಿತದ್ದು ಊರಿಗೆ ಬಂದ ಮೇಲೆ, ಅದರಲ್ಲಿ ಅರ್ಧವನ್ನು ಆ ಊರಿನ ಸೂಲಗಿತ್ತಿಯಿಂದ.

ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಆಕೆ ಬ್ಯಾನಿ ತಿನ್ನುವ ಹೆಂಗಸಿನ ಬೆನ್ನು ನೀವುತ್ತ ಗಂಟೆಗಟ್ಟಲೆ ಕೂರುತ್ತಿದ್ದಳು, ಒಳಗೆ ಕೈಹಾಕುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಆದರೆ ಕೂಸು ಹೊರಬಂದೊಡನೆ ಆಕೆಯ ತಾಳ್ಮೆಯೆಲ್ಲ ಆತಂಕಕ್ಕೆ ತಿರುಗುತ್ತಿತ್ತು. ಮಾಸು, ನಮ್ಮ ಕಡೆಯ ಮಾತಿನಲ್ಲಿ ‘ಕಸ’, ಬೀಳುವವರೆಗೆ ಹೊಕ್ಕುಳಬಳ್ಳಿಯನ್ನು ಕೊಯ್ಯಲು ಬಿಡುತ್ತಿರಲಿಲ್ಲ. ಕೊಯ್ದರೆ ಕಸ ಮೇಲೇರಿ ಎದೆ ಹಿಡಿಯುತ್ತದೆಂಬ ಭಯ. ತಡವಾದರೆ ಬಾಣಂತಿಯ ಜಡೆಯ ತುದಿಯನ್ನು ಆಕೆಯದೇ ಬಾಯಿಗೆ ತುರುಕಿ ಓಕರಿಕೆ ಬರಿಸುತ್ತಿದ್ದಳು. ರಕ್ತದ ವಿಷಯದಲ್ಲಿ ಮಾತ್ರ ನಿರಾಳವಾಗಿದ್ದಳು. “ಬಾಯಾರ, ಕೆಟ್ಟ ರಗತ ಹೋಗ್ಲಿ ಬಿಡ್ರಿ, ಒಳಗ ಉಳದ್ರ ಹೊಟ್ಟಿ ಉಬ್ಬತೈತಿ” ಎನ್ನುತ್ತಿದ್ದಳು (ಬಾಯಾರು ಎಂದರೆ ನಮ್ಮ ಕಡೆ ಮೇಡಂ). ಒಂಬತ್ತು ತಿಂಗಳು ಹೊರಗಾಗದ ಮೈಯಲ್ಲಿ ಕೂಡಿಟ್ಟ ಕೊಳೆ ಅದು ಎಂಬ ನಂಬಿಕೆ ಆಕೆಯೊಬ್ಬಳದಲ್ಲ, ಮನೆಮನೆಯದು. ಹೆಚ್ಚು ಹೋದಷ್ಟೂ ಒಳ್ಳೆಯದೆಂದು ತಿಳಿದಿರುವ ಮನೆಯಲ್ಲಿ, ಹೆಚ್ಚು ಹೋಗುತ್ತಿದೆ ಎಂದು ಕೂಗುವವರು ಯಾರು?

1989ರ ಮಳೆಗಾಲದಲ್ಲಿ ನಾಲ್ಕನೆಯ ಹೆರಿಗೆಯ ಒಬ್ಬಾಕೆಯ ಮನೆಗೆ ಕರೆ ಬಂತು. ಹಿತ್ತಲ ಕೋಣೆಯಲ್ಲಿ ಗೋಣಿಚೀಲದ ತಟ್ಟು ಹಾಸಿ, ಅದರ ಮೇಲೆ ಹಳೆಯ ಸೀರೆ ಮಡಚಿ ಹಾಕಿ ಮಲಗಿಸಿದ್ದರು. ಕಂದೀಲಿನ ಬೆಳಕು. ಕೂಸು ಸಲೀಸಾಗಿ ಬಂತು, ಮಾಸೂ ಇಪ್ಪತ್ತು ನಿಮಿಷದೊಳಗೆ ಪೂರ್ತಿಯಾಗಿ ಬಿತ್ತು. ಸೀರೆಯ ಮೇಲೆ ಕಂಡ ರಕ್ತ ವಾಡಿಕೆಯಷ್ಟೇ ಇದ್ದಂತಿತ್ತು. ನಾನು ಕೂಸನ್ನು ಒರೆಸಿ, ತೂಗಿ, ರಿಜಿಸ್ಟರಿನಲ್ಲಿ ಬರೆಯಲು ಕುಳಿತೆ. ಒಂದಿಷ್ಟು ಹೊತ್ತಿನ ಮೇಲೆ ಆಕೆ ಆಕಳಿಸತೊಡಗಿದಳು, ನೀರು ಕೇಳಿದಳು, ಚಳಿಯೆಂದಳು. ನಾಡಿ ಹಿಡಿದರೆ ದಾರದಂತೆ ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟಾಗ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗಬೇಕಾದ ಗರ್ಭಕೋಶ ನಾದಿದ ಹಿಟ್ಟಿನಂತೆ ಬೆರಳಿಗೆ ಜಾರಿತು. ತಟ್ಟನ್ನು ಎತ್ತಿ ನೋಡಿದೆ. ಅದು ನೀರಿನಲ್ಲಿ ಅದ್ದಿದಂತೆ ಭಾರವಾಗಿತ್ತು, ಕೆಳಗಿನ ಸಾರಿಸಿದ ಮಣ್ಣಿನ ನೆಲ ಕೆಸರಾಗಿತ್ತು. ತಿಕ್ಕಿದೆ, ಮೆಥರ್ಜಿನ್ ಚುಚ್ಚಿದೆ, ಎರೆಮಣ್ಣಿನ ದಾರಿಯಲ್ಲಿ ಟ್ರ್ಯಾಕ್ಟರ್ ಹೂತುಕೊಂಡು ಹೊರಡುವುದಕ್ಕೇ ಒಂದು ತಾಸು ಹಿಡಿಯಿತು. ಆಕೆ ಆಸ್ಪತ್ರೆ ಮುಟ್ಟಲಿಲ್ಲ.

ಆ ದಿನ ನಾನು ಬರೆದಿಟ್ಟ ರಿಜಿಸ್ಟರಿನಲ್ಲಿ ರಕ್ತಸ್ರಾವದ ಎದುರು ‘ಸಾಧಾರಣ’ ಎಂದಿತ್ತು. ಅದನ್ನು ನಾನು ತಿದ್ದಲಿಲ್ಲ.

ತುಂಬಿದ ತಿಂಗಳಿನಲ್ಲಿ ಗರ್ಭಕೋಶಕ್ಕೆ ಹರಿಯುವ ರಕ್ತ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್. ಮಾಸು ಕಿತ್ತು ಬಂದ ಜಾಗದಲ್ಲಿ ಆ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಅವುಗಳನ್ನು ಮುಚ್ಚುವುದು ಹೊಲಿಗೆಯಲ್ಲ, ಹೆಪ್ಪುಗಟ್ಟುವಿಕೆಯೂ ಮೊದಲಿಗಲ್ಲ. ಅಡ್ಡಾದಿಡ್ಡಿ ಹೆಣೆದುಕೊಂಡ ಸ್ನಾಯುವಿನ ಎಳೆಗಳು ಬಿಗಿದು ನಾಳಗಳನ್ನು ಹಿಸುಕಿ ಹಿಡಿಯಬೇಕು. ಸ್ನಾಯು ಸಡಿಲಬಿಟ್ಟರೆ ಹೊರಗೆ ಭೋರ್ಗರೆಯಬೇಕೆಂದೇನೂ ಇಲ್ಲ, ಜಿನುಗುತ್ತಲೇ ಒಂದು ಗಂಟೆಯಲ್ಲಿ ಜೀವ ಹೋಗಬಹುದು. ಹೆರಿಗೆಯ ಮೇಲೆ 500 ಮಿಲಿಲೀಟರ್ ದಾಟಿದರೆ ಅತಿ ರಕ್ತಸ್ರಾವ ಎಂಬುದು ಪುಸ್ತಕದ ಲೆಕ್ಕ, ಆದರೆ ಹಿಮೋಗ್ಲೋಬಿನ್ 7–8 ಗ್ರಾಂ ಇಟ್ಟುಕೊಂಡು ಕಳೆ ತೆಗೆಯಲು ಹೋಗುವ ನಮ್ಮ ಬಸುರಿಯರಿಗೆ ಅಷ್ಟನ್ನೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಆ ಸಾವಿನ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ತಟ್ಟನ್ನು ಹೊರಗೆ ಹಾಕಿಸಿದ್ದು. ಗೊಬ್ಬರದ ಚೀಲದ ಒಳಗಿರುವ ಪ್ಲಾಸ್ಟಿಕ್ ಹಾಳೆಯನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ ಜೊತೆಗೆ ಒಯ್ಯತೊಡಗಿದೆ. ಅದರ ಮೇಲೆ ಹಾಸುವ ಹಳೆಯ ಸೀರೆಯ ತುಂಡುಗಳನ್ನು ಮೊದಲೇ ಎಣಿಸಿ ತೂಗಿ ಇಡುತ್ತಿದ್ದೆ. ಆಮೇಲೆ ತೊಯ್ದ ಬಟ್ಟೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಕೂಸು ತೂಗುವ ಅದೇ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, ಒಣಬಟ್ಟೆಯ ತೂಕವನ್ನು ಕಳೆಯುತ್ತಿದ್ದೆ; ಒಂದು ಗ್ರಾಂ ಹೆಚ್ಚುಕಡಿಮೆ ಒಂದು ಮಿಲಿಲೀಟರಿಗೆ ಸಮ. ಅತ್ತೆಯಂದಿರು ನಕ್ಕರು, ಮೈಲಿಗೆಯ ಬಟ್ಟೆಯನ್ನು ತೂಗುವ ಬಾಯಾರು ಎಂದು ಹೆಸರಿಟ್ಟರು. ಕಣ್ಣಿಗೆ ಇನ್ನೂರರಂತೆ ಕಂಡದ್ದು ತಕ್ಕಡಿಯಲ್ಲಿ ನಾನೂರಾಗಿ ನಿಂತದ್ದನ್ನು ಎಷ್ಟೋ ಸಲ ನೋಡಿದ ಮೇಲೆ ನನ್ನ ಕಣ್ಣನ್ನು ನಾನೇ ನಂಬುವುದನ್ನು ಬಿಟ್ಟೆ. ಆಯಿಯ ಮನಸ್ಸನ್ನು ತಿರುಗಿಸಿದ್ದೂ ಉಪದೇಶವಲ್ಲ. ಒಮ್ಮೆ ಆಕೆಯ ಕೈಯನ್ನು ಹಿಡಿದು ಬಾಣಂತಿಯ ಹೊಟ್ಟೆಯ ಮೇಲಿಟ್ಟು, ತಿಕ್ಕಿದಾಗ ಗರ್ಭಕೋಶ ಉಂಡೆಕಟ್ಟುವುದನ್ನು, ಹಾಗೆಯೇ ಕೆಳಗೆ ರಕ್ತ ನಿಲ್ಲುವುದನ್ನು ಆಕೆಯೇ ಕಾಣುವಂತೆ ಮಾಡಿದೆ. ಆಮೇಲೆ ನಾನು ತಡವಾಗಿ ಹೋದ ಮನೆಗಳಲ್ಲೂ ಆಕೆಯ ಅಂಗೈ ಹೊಟ್ಟೆಯ ಮೇಲೇ ಇರುತ್ತಿತ್ತು.

ಔಷಧದ ಕಥೆ ಬೇರೆ. ಮೆಥರ್ಜಿನ್ ಒಳ್ಳೆಯ ಮದ್ದೇ, ಆದರೆ ರಕ್ತದೊತ್ತಡ ಹೆಚ್ಚಿದ್ದವರಿಗೆ ಕೊಡುವಂತಿಲ್ಲ, ಬೆಳಕು ತಾಗಿದರೆ ಬಣ್ಣ ತಿರುಗಿ ಹಾಳಾಗುತ್ತದೆ. ಅದೇ ಕೆಲಸ ಮಾಡುವ ಇನ್ನೊಂದು ಚುಚ್ಚುಮದ್ದು ಆಕ್ಸಿಟೋಸಿನ್‌ಗೆ ಒತ್ತಡದ ಅಡ್ಡಿಯಿಲ್ಲ, ಆದರೆ ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಫ್ರಿಜ್ ಇಲ್ಲದ ಉಪಕೇಂದ್ರದಲ್ಲಿ ಲಸಿಕೆಯ ದಿನ ತಂದ ಐಸ್ ಕರಗುವವರೆಗೆ ಮಾತ್ರ ಅದರ ಆಯುಷ್ಯ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದದ್ದು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆತ್ತ 1620 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ನಮ್ಮಂಥ ಎಎನ್‌ಎಂಗಳೇ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು, ಉಳಿದವರಿಗೆ ಮದ್ದಿಲ್ಲದ ಮಾತ್ರೆಯನ್ನು ನುಂಗಿಸಿದ್ದರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಮಾತ್ರೆಗೆ ಐಸೂ ಬೇಡ, ಸೂಜಿಯೂ ಬೇಡ. ನಡುಕ ಮತ್ತು ಜ್ವರ ಬರಬಹುದೆಂದು ಮನೆಯವರಿಗೆ ಮೊದಲೇ ಹೇಳಿಟ್ಟರಾಯಿತು. ಆ ಅಧ್ಯಯನದಲ್ಲಿ ನಾನಿರಲಿಲ್ಲ, ಆದರೆ ಅದರಲ್ಲಿ ಬಳಸಿದ ಹಾಳೆಯನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಗೊಬ್ಬರದ ಚೀಲದ ಹಾಳೆಗೆ ನಾನೇಕೆ ಒಂದು ಗೆರೆ ಎಳೆಯಲಿಲ್ಲ ಎನಿಸಿತು.

2005ರ ನಂತರ ಆಸ್ಪತ್ರೆಯ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ ಬಂತು, 2008ರಲ್ಲಿ 108 ಗಾಡಿ ಬಂತು, ಮನೆಯ ಹೆರಿಗೆಗಳು ಕಣ್ಮುಂದೆಯೇ ಕಡಿಮೆಯಾದವು. ನಮಗೂ ಮೂರು ವಾರದ ಹೆರಿಗೆ ತರಬೇತಿಯನ್ನು ಹೊಸದಾಗಿ ಕೊಟ್ಟರು. ಕೂಸು ಬಂದ ಒಂದು ನಿಮಿಷದೊಳಗೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲವೆಂದು ಮುಟ್ಟಿ ನೋಡಿ, ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಬೇಕು. ಗರ್ಭಕೋಶ ಬಿಗಿದಾಗ ಮಾತ್ರ, ಒಂದು ಕೈಯಿಂದ ಅದನ್ನು ಮೇಲಕ್ಕೆ ತಡೆದು ಹಿಡಿದು, ಇನ್ನೊಂದು ಕೈಯಿಂದ ಬಳ್ಳಿಯನ್ನು ಮೆಲ್ಲಗೆ ಎಳೆಯಬೇಕು. ಸಡಿಲವಿದ್ದಾಗ ಎಳೆದರೆ ಗರ್ಭಕೋಶವೇ ಒಳಮೈ ಹೊರಗಾಗಿ ಬರಬಹುದು. ಅದೇ ತರಬೇತಿಯಲ್ಲಿ ಇನ್ನೊಂದು ಮಾತನ್ನೂ ಹೇಳಿದರು: ಬಳ್ಳಿಯನ್ನು ಕೂಡಲೇ ಕೊಯ್ಯಬೇಡಿ, ಒಂದರಿಂದ ಮೂರು ನಿಮಿಷ ಕಾಯಿರಿ, ಮಾಸಿನಲ್ಲಿರುವ ರಕ್ತ ಕೂಸಿಗೆ ಹೋಗಲಿ. 1985ರಲ್ಲಿ ನಮಗೆ ಕಲಿಸಿದ್ದು ತಕ್ಷಣ ಕೊಯ್ಯಿರಿ ಎಂದು, ಆ ಮಾತನ್ನು ಹಿಡಿದು ಆಯಿಯೊಡನೆ ನಾನು ಎಷ್ಟು ಜಗಳವಾಡಿದ್ದೆ! ಆಕೆ ಕೊಟ್ಟ ಕಾರಣ ತಪ್ಪಾಗಿತ್ತು, ಕಾಯುತ್ತಿದ್ದುದು ತಪ್ಪಾಗಿರಲಿಲ್ಲ. ಅದನ್ನು ಹೇಳೋಣವೆಂದರೆ ಅಷ್ಟರಲ್ಲಿ ಆಕೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಕೊನೆಯ ಹತ್ತು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಯಲ್ಲಿ ಕಳೆದೆ. ಅಲ್ಲಿ ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) ಇತ್ತು, ಆಕ್ಸಿಟೋಸಿನ್ ಇತ್ತು, ಬೆಳಕಿತ್ತು. ಆದರೂ ಹೊಸದಾಗಿ ಬಂದ ಹುಡುಗಿಯರು ಮಾಸು ಬಿದ್ದೊಡನೆ ಕೈಗವಸು ಬಿಚ್ಚಿ ತಾಯಿ ಕಾರ್ಡು, ಕೇಸ್ ಶೀಟು, ಆನ್‌ಲೈನ್ ಎಂಟ್ರಿ ಎಂದು ಮೇಜಿನತ್ತ ಹೊರಡುವುದನ್ನು ಕಂಡಾಗ ನನಗೆ ಕಂದೀಲಿನ ಕೋಣೆ ನೆನಪಾಗುತ್ತಿತ್ತು. ಅವರನ್ನು ನಿಲ್ಲಿಸಿ ಮಾಸನ್ನು ಎರಡೂ ಅಂಗೈಗಳಲ್ಲಿ ಹರಡಿ, ಯಾವ ಹೋಳೂ ಒಳಗೆ ಉಳಿದಿಲ್ಲವೆಂದು ನೋಡಿಸುತ್ತಿದ್ದೆ. ಮೂತ್ರ ಮಾಡಿಸಿದ್ದೀರಾ ಎಂದು ಕೇಳುತ್ತಿದ್ದೆ, ಏಕೆಂದರೆ ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಲು ಬಿಡುವುದಿಲ್ಲ. ಕೂಸನ್ನು ಎದೆಗೆ ಹಚ್ಚಿಸುತ್ತಿದ್ದೆ. ಬರೆಯುವುದೇನಿದ್ದರೂ ಬಾಣಂತಿಯ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತೇ ಬರೆಯಬೇಕು, ಹದಿನೈದು ನಿಮಿಷಕ್ಕೊಮ್ಮೆ ಪೆನ್ನು ಕೆಳಗಿಟ್ಟು ಹೊಟ್ಟೆ ಮುಟ್ಟಬೇಕು, ಹೀಗೆ ಎರಡು ತಾಸು. ನಿವೃತ್ತಿಯ ಹಿಂದಿನ ವಾರ, 2024ರಲ್ಲಿ, ನಾನು ಮಾಡಿಸಿದ ಕೊನೆಯ ಹೆರಿಗೆಯಲ್ಲಿ ಬಾಣಂತಿಯ ಕೆಳಗೆ ಹಾಸಿದ್ದ ಅಂಥದೇ ಹಾಳೆಯ ಚೀಲದ ಗೆರೆ 350 ಮಿಲಿಲೀಟರ್ ತೋರಿಸಿತು. ರಕ್ತಸ್ರಾವದ ಕಾಲಂನಲ್ಲಿ ಜೊತೆಗಿದ್ದ ಹುಡುಗಿ ‘ಸಾಧಾರಣ’ ಎಂದು ಬರೆಯಲು ಹೊರಟಿದ್ದಳು, ಪೆನ್ನನ್ನು ಅವಳ ಕೈಯಿಂದ ತೆಗೆದುಕೊಂಡು ಅಂಕಿಯನ್ನು ನಾನೇ ಬರೆದೆ.