ಮರಳುದಿಬ್ಬಕ್ಕೆ ಹೋಗುವ ಗಾಡಿಗೆ ಬಾವುಟ: ಕೋಲು, ಬುಡ, ಬಟ್ಟೆ

ದಿಬ್ಬದ ನೆತ್ತಿ ಏರುವಾಗ ಡ್ರೈವರ್ ಕಣ್ಣಿಗೆ ಬೀಳುವುದು ಬಾನೆಟ್ಟು ಮತ್ತು ಆಕಾಶ, ಅಷ್ಟೇ. ಅದೇ ಹೊತ್ತಿಗೆ ಆಚೆ ಬದಿಯಿಂದ ಇನ್ನೊಂದು ಗಾಡಿ ಏರುತ್ತಿದ್ದರೆ ಇಬ್ಬರಿಗೂ ಗೊತ್ತಾಗುವುದು ನೆತ್ತಿಯ ಮೇಲೆ ಮುಖಾಮುಖಿಯಾದಾಗಲೇ. ಗಾಡಿಗಿಂತ ಮೊದಲು ತಾನು ತಲೆ ಎತ್ತಿ ತೋರಿಸುವುದೇ ಬಾವುಟದ ಕೆಲಸ. ಪುಣೆಯಲ್ಲಿ ನಮ್ಮ ಥಾರ್, ಜಿಮ್ನಿಗಳಿಗೆ ನಾವೇ ಮಾಡಿ ಕೂರಿಸಿಕೊಂಡ ಬಗೆಯನ್ನು ಅಳತೆ ಸಮೇತ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮರಳು ಹತ್ತಿರದಲ್ಲೇ ಇದೆಯಲ್ಲ ಎಂದು ಗೋವಾದ ಕಡಲತೀರಕ್ಕೆ ಗಾಡಿ ಇಳಿಸಬೇಡಿ. ಅಲ್ಲಿ ತೀರದ ಮೇಲೆ ವಾಹನ ಓಡಿಸುವುದು ಅಪರಾಧ, ಕಡಲಂಚಿನ ಮರಳುದಿಬ್ಬಗಳು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದಲ್ಲಿ ಅತಿ ಸೂಕ್ಷ್ಮ ವಲಯಕ್ಕೆ ಸೇರಿವೆ. ನಾವು ಹೋಗುವುದು ಜೈಸಲ್ಮೇರ್ ಕಡೆಗೆ. ಅಲ್ಲಿಯೂ ಡೆಸರ್ಟ್ ನ್ಯಾಷನಲ್ ಪಾರ್ಕಿನ ಗಡಿಯೊಳಗೆ ಅನುಮತಿಯಿಲ್ಲದೆ ಚಕ್ರ ಇಡುವಂತಿಲ್ಲ. ನಮ್ಮ ಸಿರುಗುಪ್ಪದ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಬಳಗ ಹೆಚ್ಚಾಗಿ ಉಳಿದಿರುವುದು ಆ ಸೀಮೆಯಲ್ಲೇ.

ಎತ್ತರದ ಲೆಕ್ಕಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ದಿಬ್ಬಗಳ ನಿಯಮ ಒಳ್ಳೆಯ ಆಧಾರ. ನೆಲದಿಂದ ಕೋಲಿನ ತುದಿಗೆ ಕನಿಷ್ಠ 8 ಅಡಿ, ಬಾವುಟ ಕನಿಷ್ಠ 6x12 ಇಂಚು, ಕೆಂಪು ಅಥವಾ ಕಿತ್ತಳೆ, ಅದೂ ತುದಿಯ 10 ಇಂಚಿನೊಳಗೆ. ಅಳೆಯಬೇಕಾದ್ದು ನೆಲದಿಂದ ತುದಿಗೆ. ಅಂಗಡಿಯವರು ಹೇಳುವುದು ಕೋಲಿನ ಉದ್ದವನ್ನು. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ 8 ಅಡಿ ನಮ್ಮ ಗಾಡಿಗಳಿಗೆ ಕಡಿಮೆಯೇ ಎಂದು ನನ್ನ ಅಭಿಪ್ರಾಯ. ಥಾರ್ ತಾನೇ ಆರಡಿ ಎತ್ತರ ಇರುವುದರಿಂದ ಬಾವುಟಕ್ಕೆ ಸಿಗುವ ಲಾಭ ಎರಡೇ ಅಡಿ. ನಾವು ತುದಿಯನ್ನು 3 ಮೀಟರಿಗೆ ಇಡುತ್ತೇವೆ.

ಅದರಿಂದ ಎಷ್ಟು ಲಾಭ? ಎರಡೂ ಬದಿ 10 ಡಿಗ್ರಿ ಇಳಿಜಾರು, ನೀವು ನೆತ್ತಿಯಿಂದ 10 ಮೀಟರ್ ಹಿಂದೆ, ನಿಮ್ಮ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಎಂದಿಟ್ಟುಕೊಳ್ಳಿ. ಆಚೆ ಗಾಡಿಯ ಛಾವಣಿ ಕಾಣಬೇಕಾದರೆ ಅದು ನೆತ್ತಿಯಿಂದ ಸುಮಾರು 9 ಮೀಟರಿಗೆ ಬಂದಿರಬೇಕು. 3 ಮೀಟರಿನ ಬಾವುಟ ಸುಮಾರು 15 ಮೀಟರ್ ದೂರದಲ್ಲೇ ಕಾಣುತ್ತದೆ. ಈಗ ಆಚೆ ಬದಿ ಗಾಳಿಯ ಮರೆಯ ಜಾರುಬದಿ ಎಂದುಕೊಳ್ಳಿ. ಒಣ ಮರಳು ಅಲ್ಲಿ 33 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಛಾವಣಿ ಎರಡೂಮುಕ್ಕಾಲು ಮೀಟರಿಗೆ ಕಂಡರೆ ಬಾವುಟ ನಾಲ್ಕೂವರೆ ಮೀಟರಿಗೆ. ಅಂದರೆ ಕಡಿದಾದ ಬದಿಯ ಬುಡದಲ್ಲಿ ಹೂತು ನಿಂತ ಗಾಡಿಯ ಬಾವುಟ ನಿಮಗೆ ಕಾಣುವುದೇ ಇಲ್ಲ. ಆದ್ದರಿಂದ ಬಾವುಟ ಇದ್ದರೂ ವಾಕಿಟಾಕಿ ಬೇಕು (446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಸೆಟ್ಟುಗಳು ಸಾಕು). ಮುಂದಿನವರು “ಇಳಿದಾಯ್ತು, ಪಕ್ಕಕ್ಕೆ ಬಂದಿದೀನಿ, ಬನ್ನಿ ಅಣ್ಣಾ” ಅನ್ನುವವರೆಗೆ ಹಿಂದಿನವರು ನೆತ್ತಿ ದಾಟಬಾರದು.

ಮುಂದೆ ಕೂರಿಸುವುದೋ ಹಿಂದೆಯೋ? ಮುಂದೆಯೇ. 10 ಡಿಗ್ರಿ ಏರಿನಲ್ಲಿ ನಾಲ್ಕು ಮೀಟರ್ ಉದ್ದದ ಗಾಡಿಯ ಹಿಂಬದಿ ಮುಂಬದಿಗಿಂತ ಸುಮಾರು 70 ಸೆಂ.ಮೀ. ತಗ್ಗಿನಲ್ಲಿರುತ್ತದೆ. ಸ್ಟೆಪ್ನಿ ಬ್ರಾಕೆಟ್ಟಿಗೆ ಕಟ್ಟುವುದು ಸುಲಭ, ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ, ಆದರೆ ಅಷ್ಟು ಎತ್ತರ ಅಲ್ಲೇ ಹೋಯಿತು. ಬುಲ್‌ಬಾರಿಗೆ (ಬಂಪರಿನ ಮುಂದೆ ಹಾಕಿಸುವ ಲೋಹದ ಚೌಕಟ್ಟಿಗೆ) ಕಟ್ಟುವ ಯೋಚನೆಯೂ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿದೆ. ಪ್ಲಾಸ್ಟಿಕ್ ಬಂಪರಿಗೆ ತೂತು ಕೊರೆದು ಕೂರಿಸಿದರೆ ಕೋಲಿನ ಬಡಿತಕ್ಕೆ ತೂತಿನ ಸುತ್ತ ಸೀಳು ಬಿಡುತ್ತದೆ.

ನಮಗೆ ಸರಿಬಂದ ಜಾಗ ಬಾನೆಟ್ ಹಿಂಜ್. ಅಲ್ಲಿನ ಬೋಲ್ಟುಗಳನ್ನೇ ಬಳಸಿ ಎಕ್ಸ್‌ಟ್ರಾ ಲೈಟ್ ಕೂರಿಸುವ ಬ್ರಾಕೆಟ್ ಸಿಗುತ್ತದೆ, ಬಾಡಿಗೆ ತೂತು ಬೇಡ. ಬ್ರಾಕೆಟ್ 3 ಮಿ.ಮೀ. ಉಕ್ಕಿನದಾಗಿರಲಿ, ಅದಕ್ಕಿಂತ ತೆಳುವಾದದ್ದು ನಡುಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಎರಡು ಬೋಲ್ಟ್ ಹಿಡಿಯುವಂಥದ್ದೇ ಬೇಕು, ಒಂದೇ ಬೋಲ್ಟಿನದು ಕೋಲಿನ ಎಳೆತಕ್ಕೆ ತಿರುಗಿಬಿಡುತ್ತದೆ. ಅಡಿಗೆ ತೆಳು ರಬ್ಬರ್ ಹಾಕಿದರೆ ಬಣ್ಣ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಬೇಡ, ರಬ್ಬರ್ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಬಣ್ಣ ಕಿತ್ತ ಕಡೆ ಝಿಂಕ್ ಪ್ರೈಮರ್ ಬಳಿದುಬಿಡಿ. ಹಿಂಜ್ ನೆಲದಿಂದ ಎಷ್ಟು ಎತ್ತರ ಎಂದು ಟೇಪ್ ಹಿಡಿದು ಅಳೆದು, 3 ಮೀಟರಿನಿಂದ ಕಳೆದರೆ ಕೋಲು ಮತ್ತು ಬುಡ ಸೇರಿ ಬೇಕಾದ ಉದ್ದ ಸಿಗುತ್ತದೆ. 1.1 ಮೀಟರಿದ್ದರೆ 1.9 ಮೀಟರ್. ಬಾನೆಟ್ ಪೂರ್ತಿ ತೆರೆದಾಗ ಬ್ರಾಕೆಟ್ಟಿಗೆ ತಾಗುತ್ತದೆಯೇ ಎಂದು ಬೋಲ್ಟ್ ಬಿಗಿಯುವ ಮೊದಲೇ ನೋಡಿ.

ಕೋಲಿಗೆ ಘನ ಫೈಬರ್‌ಗ್ಲಾಸ್ ರಾಡ್, 8 ಮಿ.ಮೀ. ಆರರದ್ದು ಅಗ್ಗ, ಆದರೆ ಗಡಸುತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ, ಎಂಟರದ್ದು ಆರರದ್ದಕ್ಕಿಂತ ಮೂರು ಪಟ್ಟು ಗಡಸು. ಆರರ ಕೋಲು ವೇಗದಲ್ಲಿ ಹಿಂದಕ್ಕೆ ಬಾಗಿ ನೀವು ಲೆಕ್ಕ ಹಾಕಿದ ಎತ್ತರವನ್ನೇ ತಿನ್ನುತ್ತದೆ. ಪಿವಿಸಿ ಪೈಪು ಬಿಸಿಲಿಗೆ ಮೆತ್ತಗಾಗುತ್ತದೆ, ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಬಾಗಿದ್ದೇ. ಎರಡು ತುಂಡು ಸೇರಿಸುವ ಕೋಲು ಸಾಗಿಸಲು ಹಗುರವಾದರೂ ಮುರಿಯುವುದು ಸರಿಯಾಗಿ ಆ ಜೋಡಣೆಯಲ್ಲಿ, ಹಾಗಾಗಿ ಇಡೀ ಕೋಲನ್ನೇ ತೆಗೆದುಕೊಳ್ಳಿ. ಕತ್ತರಿಸುವಾಗ ಗುರುತಿನ ಸುತ್ತ ಟೇಪ್ ಬಿಗಿದು, ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ಸುತ್ತಲೂ ತಿರುಗಿಸುತ್ತ ಕೊಯ್ಯಿರಿ. ಮಾಸ್ಕ್, ಗ್ಲೌಸ್ ಕಡ್ಡಾಯ. ಆ ಗಾಜಿನ ನಾರು ಚರ್ಮಕ್ಕೆ ಹೊಕ್ಕರೆ ದಿನವಿಡೀ ಚುಚ್ಚುತ್ತದೆ. ತುದಿಗೆ ಅಂಟು ಸವರಿ ರಬ್ಬರ್ ಟೋಪಿ ಹಾಕಿ. ಕೋಲು ಬಿಚ್ಚಿ ಕೈಯಲ್ಲಿ ಹಿಡಿದು ಓಡಾಡುವಾಗ ಪಕ್ಕದವರ ಕಣ್ಣಿನ ಎತ್ತರಕ್ಕೆ ಬರುವುದು ಅದೇ ತುದಿ.

ಹೆಚ್ಚಿನ ಕೋಲುಗಳು ಕೆಡುವುದು ಬುಡದಲ್ಲಿ. ಕೋಲು ಕೂರುವ ಲೋಹದ ಸಾಕೆಟ್ಟಿನ ಬಾಯಿ ಚೂಪಾಗಿದ್ದರೆ ಕೋಲು ಪ್ರತಿ ಬಳುಕಿಗೂ ಆ ಅಂಚಿಗೇ ಉಜ್ಜಿ, ಮೊದಲು ಬೆಳ್ಳಗಾಗಿ, ನಾರೆದ್ದು, ಕೊನೆಗೆ ಅಲ್ಲೇ ಪಟ್ಟನೆ ಮುರಿಯುತ್ತದೆ. ಭೋಸರಿಯ ಲೇತ್ ಅಂಗಡಿಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹಲವರಿದ್ದಾರೆ, ಕನ್ನಡದಲ್ಲೇ ವಿವರಿಸಬಹುದು. ಅವರಿಗೆ ಹೇಳಬೇಕಾದ್ದು ಇಷ್ಟು: 16 ಮಿ.ಮೀ. ಸ್ಟೇನ್‌ಲೆಸ್ ಸರಳು, 75 ಮಿ.ಮೀ. ಉದ್ದ, ಒಂದು ಕಡೆ 8.3 ಮಿ.ಮೀ. ತೂತು, 50 ಆಳ; ಇನ್ನೊಂದು ಕಡೆ ಎಂ10 (10 ಮಿ.ಮೀ. ಬೋಲ್ಟ್ ಕೂರುವ) ಟ್ಯಾಪು; ತೂತಿನ ಬಾಯಿ ಆಲಿಕೆಯ ಹಾಗೆ ಅಗಲಿಸಿ ನುಣುಪು ಮಾಡಬೇಕು. ಕೊನೆಯದನ್ನು ಎರಡು ಸಲ ಹೇಳಿ. ಕೋಲಿನ ಬುಡವನ್ನು 80ನೇ ನಂಬರಿನ ಪಾಲಿಶ್ ಪೇಪರಿನಲ್ಲಿ ಒರಟು ಮಾಡಿ, ಸ್ಪಿರಿಟ್‌ನಲ್ಲಿ ಒರೆಸಿ, ನಿಧಾನ ಗಟ್ಟಿಯಾಗುವ ಅರಾಲ್ಡೈಟ್ ತುಂಬಿ ಒಂದಿಡೀ ದಿನ ನೆಟ್ಟಗೆ ನಿಲ್ಲಿಸಿ. ಐದು ನಿಮಿಷದ ಅಂಟು ಬೇಡ, ಬಾನೆಟ್ಟಿನ ಬಿಸಿಗೆ ಅದು ಸಡಿಲವಾಗುತ್ತದೆ. ಸಾಕೆಟ್ಟಿನ ಬಾಯಿಂದ ಮೇಲಕ್ಕೆ ಎರಡು ಪದರ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿ, ಒಳಗಿನದು 10 ಸೆಂ.ಮೀ., ಹೊರಗಿನದು 6. ಆಗ ಬಳುಕು ಒಂದೇ ಗೆರೆಯಲ್ಲಿ ಕೂರದೆ ಹಂಚಿಹೋಗುತ್ತದೆ.

ಸಾಕೆಟ್ಟಿಗೂ ಬ್ರಾಕೆಟ್ಟಿಗೂ ನಡುವೆ ಸ್ಪ್ರಿಂಗ್ ಬೇಕೇ? ಬೇಕು, ಖೇಜ್ರಿಯ (ಬನ್ನಿ ಮರದ) ಕೊಂಬೆಯೋ ಜಾಲಿಯ ಪೊದೆಯೋ ತಾಗಿದಾಗ ಕೋಲು ಮಲಗಿ ಏಳಬೇಕು. ಆದರೆ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿರುವ ಎಳೆಸ್ಪ್ರಿಂಗೇ ಆಗಬೇಕು. ಅದು ಒಂದು ಮಿತಿಯವರೆಗೆ ಸರಳಿನಂತೆ ನೆಟ್ಟಗಿದ್ದು, ಆ ಮಿತಿ ದಾಟಿದ ಮೇಲಷ್ಟೇ ಬಾಗುತ್ತದೆ. ಸುರುಳಿ ಬಿಡಿಬಿಡಿಯಾಗಿರುವ ಒತ್ತುಸ್ಪ್ರಿಂಗ್ ಹಾಕಿದರೆ ಬಾವುಟ ಸುಮ್ಮಸುಮ್ಮನೆ ತೂಗಾಡುತ್ತ ಗಾಜಿಗೆ ಬಡಿಯುತ್ತದೆ. 28 ಮಿ.ಮೀ. ಆಸುಪಾಸಿನ ಹೊರವ್ಯಾಸ, 4 ಮಿ.ಮೀ. ತಂತಿ, ಎಂಟೊಂಬತ್ತು ಸೆಂ.ಮೀ. ಉದ್ದ ನಮಗೆ ಸರಿಹೋಗಿದೆ. ಪರೀಕ್ಷೆಗೆ ಬುಡದಿಂದ ಒಂದು ಮೀಟರ್ ಮೇಲೆ ಲಗೇಜ್ ತೂಗುವ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ. ಅರ್ಧ ಕಿಲೋ ತನಕ ಸುರುಳಿ ಬಾಯಿ ಬಿಡಬಾರದು. ಇಂಥ ಸ್ಪ್ರಿಂಗು, ನೈಲಾಕ್ ನಟ್ಟುಗಳನ್ನು (ಒಳಗೆ ನೈಲಾನ್ ಉಂಗುರವಿದ್ದು ನಡುಕಕ್ಕೆ ಸಡಿಲವಾಗದಂಥವು) ಪುಣೆಯಲ್ಲಿ ನಾನಾ ಪೇಟೆಯಲ್ಲಿ ಹುಡುಕಿ, ಮುಂಬೈಯವರಾದರೆ ನಾಗದೇವಿ ಸ್ಟ್ರೀಟ್‌ನಲ್ಲಿ. ಸಾಕೆಟ್ಟಿನಿಂದ ಬ್ರಾಕೆಟ್ಟಿಗೆ 2 ಮಿ.ಮೀ. ವೈರ್ ರೋಪ್ ಒಂದು ಇರಲಿ, ನಟ್ ಬಿಚ್ಚಿಕೊಂಡರೂ ಕೋಲು ಹಿಂದಿನವರ ಗಾಜಿನ ಮೇಲೆ ಬೀಳುವುದಿಲ್ಲ.

ಬಟ್ಟೆಗೆ ಫ್ಲೋರೊಸೆಂಟ್ ಕಿತ್ತಳೆ ಪಾಲಿಯೆಸ್ಟರ್, ರಸ್ತೆ ಕೆಲಸದವರ ಜಾಕೆಟ್ಟಿನದೇ ಬಟ್ಟೆ, ಆದರೆ ಜಾಲರಿಯದ್ದು ಬೇಡ. ಪುಣೆಯ ಪೇಟೆಗಳಲ್ಲಿ ಹೊಲಿದು ಮಾರುವ ಭಗವಾ (ಕೇಸರಿ) ಪತಾಕೆ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಆ ಸ್ಯಾಟಿನ್ ದೂರಕ್ಕೆ ಮಂಕು. ಫ್ಲೋರೊಸೆಂಟ್ ಬಣ್ಣ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ಹೀರಿ ಬೆಳಕಾಗಿ ಬಿಡುವುದರಿಂದ ನೀಲಿ ಆಕಾಶದೆದುರು ಎದ್ದು ಹೊಡೆಯುತ್ತದೆ. ಅಪ್ಪಟ ಕೆಂಪು ಮುಸ್ಸಂಜೆಯಲ್ಲಿ ಎಲ್ಲಕ್ಕಿಂತ ಮೊದಲು ಕಪ್ಪಾಗುತ್ತದೆ. ತ್ರಿವರ್ಣ ಮಾತ್ರ ಕಟ್ಟಬೇಡಿ. ಕಾರಿನ ಮೇಲೆ ರಾಷ್ಟ್ರಧ್ವಜ ಹಾರಿಸುವ ಅಧಿಕಾರವನ್ನು ಧ್ವಜ ಸಂಹಿತೆ ಕೆಲವೇ ಪದವಿಯವರಿಗೆ ಕೊಟ್ಟಿದೆ.

ಅಳತೆ 20x35 ಸೆಂ.ಮೀ., ತ್ರಿಕೋನ. ಚೌಕದ ಬಾವುಟದ ಎರಡು ಹಿಂಮೂಲೆಗಳು ಪಟಪಟ ಬಡಿದು ಬೇಗ ಚಿಂದಿಯಾಗುತ್ತವೆ. ತ್ರಿಕೋನದಲ್ಲಿ ಬಡಿಯುವ ಮೂಲೆ ಒಂದೇ, ಅಲ್ಲಿ ಮೂರು ಸಾಲು ಹೊಲಿಗೆ ಹಾಕಿಸಿ. ಬಾವುಟವನ್ನು ಕೋಲಿಗೆ ಬಿಗಿಯಾಗಿ ಕಟ್ಟಿದರೆ ಸುತ್ತಿಕೊಂಡು ಹಗ್ಗದಂತಾಗುತ್ತದೆ. ಕೋಲಿನ ಮೇಲೆ ಸಡಿಲ ಉಂಗುರ ಎರಡು, ಉಂಗುರದಿಂದ ಬಾವುಟದ ಐಲೆಟ್ಟಿಗೆ (ಬಟ್ಟೆಯಂಚಿನ ಲೋಹದ ಕಣ್ಣಿಗೆ) ಮೀನು ಗಾಳದ ಅಂಗಡಿಯಲ್ಲಿ ಸಿಗುವ ಸ್ವಿವೆಲ್, ಅಂದರೆ ತಿರುಗುವ ಕೊಂಡಿ. ಪ್ರತಿ ಉಂಗುರದ ಮೇಲೂ ಕೆಳಗೂ ಹೀಟ್‌ಶ್ರಿಂಕಿನ ದಪ್ಪ ಪಟ್ಟಿ ಹಾಕಿದರೆ ಅದು ಜಾರದೆ ತಿರುಗುತ್ತದೆ. ಬಣ್ಣ ಮಾಸಿದ್ದು ದಿನಾ ನೋಡುವ ಕಣ್ಣಿಗೆ ತಿಳಿಯುವುದಿಲ್ಲ, ಅದೇ ಬಟ್ಟೆಯ ಒಂದು ತುಣುಕು ಗ್ಲೋವ್ ಬಾಕ್ಸಿನಲ್ಲಿ ಇಟ್ಟು ಹೋಲಿಸಿ.

ರಾತ್ರಿ ಈ ಬಟ್ಟೆಯಿಂದ ಪ್ರಯೋಜನವಿಲ್ಲ. ಎಲ್‌ಇಡಿ ಕೋಲು ಹಾಕುವವರು ಬ್ಯಾಟರಿ ಬಳಿಯೇ 5 ಆಂಪಿಯರ್ ಫ್ಯೂಸ್ ಹಾಕಿ, ಡಾಂಬರು ರಸ್ತೆಗೆ ಬರುವ ಮೊದಲೇ ದೀಪ ಆರಿಸಿ. ಮುಂದಕ್ಕೆ ಕೆಂಪು ಬೆಳಕು ಕಾಣುವಂತೆ ಓಡಿಸಲು ಸಾಮಾನ್ಯ ಗಾಡಿಗಳಿಗೆ ಅವಕಾಶವಿಲ್ಲ.

ಹೆದ್ದಾರಿಯಲ್ಲಿ ಕೋಲು ಬಿಚ್ಚಿ ಒಳಗಿಡಬೇಕು. ಜೈಸಲ್ಮೇರ್ ತನಕದ ದಾರಿಯ ಗಾಳಿಯೇ ಬಾವುಟದ ಅರ್ಧ ಆಯುಷ್ಯ ತಿನ್ನುತ್ತದೆ, ನೆಲಮಾಳಿಗೆ ಪಾರ್ಕಿಂಗಿನ ಚಾವಣಿಯಂತೂ ಕೋಲನ್ನೇ ತಿನ್ನುತ್ತದೆ. ಮರಳಿಗೆ ಇಳಿಯುವ ಕಡೆ, ಟೈರಿನ ಗಾಳಿ ಇಳಿಸುವ ಹೊತ್ತಿನಲ್ಲೇ ಕೂರಿಸಿ. ಮಧ್ಯಾಹ್ನ ಒಮ್ಮೆ ಹತ್ತಿಯ ಬಟ್ಟೆಯನ್ನು ಕೋಲಿನುದ್ದಕ್ಕೂ ಮೆಲ್ಲಗೆ ಎಳೆಯಿರಿ. ಎಳೆ ಸಿಕ್ಕಿದ ಕಡೆ ನಾರು ಏಳುತ್ತಿದೆ ಎಂದರ್ಥ. ಅದು ಮೇಲಿನ ಭಾಗದಲ್ಲಾದರೆ ಉಜ್ಜಿ ಪಿಯು (ಪಾಲಿಯುರೆಥೇನ್) ವಾರ್ನಿಶ್ ಬಳಿಯಬಹುದು, ಬುಡದ ಒಂದು ಗೇಣಿನಲ್ಲಾದರೆ ಕೋಲನ್ನೇ ಬದಲಿಸಿ. ಹತ್ತು ಗಾಡಿಗಳ ಸಾಲಿಗೆ ಸಾಕೆಟ್ ಸಮೇತ ಎರಡು ಸ್ಪೇರ್ ಕೋಲು, ನಾಲ್ಕು ಬಾವುಟ, ಒಂದು ಹಿಡಿ ಸ್ವಿವೆಲ್ ಮತ್ತು ಎಂ10 ನೈಲಾಕ್ ನಟ್ಟುಗಳನ್ನು ಒಯ್ಯುತ್ತೇವೆ. ನೈಲಾಕ್ ನಟ್ ಒಮ್ಮೆ ಬಿಚ್ಚಿದ ಮೇಲೆ ಬೆರಳಲ್ಲೇ ತಿರುಗುವಂತಾದರೆ ಎಸೆದು ಹೊಸದು ಹಾಕಿ.